ಘಾಟಿ ಏರುವ ಕಾರಿನ ನೀರು ಎಲ್ಲಿಗೆ ಹೋಗುತ್ತದೆ?

ಧರ್ಮಸ್ಥಳ, ಸುಬ್ರಹ್ಮಣ್ಯಗಳ ಯಾತ್ರೆ ಮುಗಿಸಿ ಸುಳ್ಯದ ಮಾರ್ಗವಾಗಿ ಮರಳುವ ನಮ್ಮ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಕುಟುಂಬಗಳಿಗೆ ಸಂಪಾಜೆ ಘಾಟಿ ಹೊಸದಲ್ಲ. ಸಂಪಾಜೆಯಿಂದ ಮಡಿಕೇರಿ ತಲುಪುವಷ್ಟರಲ್ಲಿ ವಾಹನವು ಸುಮಾರು ೧,೦೦೦ ಮೀಟರ್ ಎತ್ತರ ಏರಬೇಕು. ಕೆಳ ಗೇರಿನಲ್ಲಿ ಎಂಜಿನ್ನಿನ ದುಡಿಮೆ ಹೆಚ್ಚು, ಮುಂದಿನಿಂದ ಬೀಸುವ ಗಾಳಿ ಕಡಿಮೆ. ಬಯಲುದಾರಿಯಲ್ಲಿ ಅಡಗಿದ್ದ ದೋಷವು ಜೋಡುಪಾಲದ ತಿರುವುಗಳಲ್ಲಿ ಹೊರಬೀಳುವುದು ಆದ್ದರಿಂದಲೇ.

ಕಾರಿನ ಕೂಲೆಂಟ್ ವ್ಯವಸ್ಥೆಗೂ ಅಡುಗೆಮನೆಯ ಕುಕ್ಕರಿಗೂ ನ್ಯಾಯ ಒಂದೇ. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೬ ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ. ರೇಡಿಯೇಟರಿನ ಮುಚ್ಚಳವು ಒತ್ತಡವನ್ನು ಹಿಡಿದಿಡುವುದರಿಂದ ಒಳಗಿನ ದ್ರವ ೧೧೦ ಡಿಗ್ರಿಯಲ್ಲಿಯೂ ಕುದಿಯದು. ಮುಚ್ಚಳದ ರಬ್ಬರು ಸವೆದರೆ ಈ ರಕ್ಷಣೆ ತಪ್ಪುತ್ತದೆ. ಅಲ್ಪ ಬೆಲೆಯ ಈ ವಸ್ತುವನ್ನು ಮೊದಲು ಪರೀಕ್ಷಿಸದೆ ದೊಡ್ಡ ರಿಪೇರಿಗೆ ಒಪ್ಪುವುದು ಸಲ್ಲದು.

ದ್ರವದ ಮಟ್ಟ ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರಿಕೆಯಿದೆ. ದಾರಿಯ ತೊರೆಗಳ ನೀರನ್ನು ತುಂಬುತ್ತ ಸಾಗುವುದು ರೋಗವನ್ನು ಮುಚ್ಚಿಡುವ ಕ್ರಮವೆಂದೇ ನಮ್ಮ ಅಭಿಪ್ರಾಯ. ಬೆಳಿಗ್ಗೆ ಎಂಜಿನ್ನು ತಣ್ಣಗಿರುವಾಗ ಕೂಲೆಂಟ್ ಡಬ್ಬಿಯ ಎರಡು ಗೆರೆಗಳ ನಡುವೆ ದ್ರವ ಎಲ್ಲಿ ನಿಂತಿದೆಯೆಂದು ನಾಲ್ಕಾರು ದಿನ ಗುರುತಿಸಿಕೊಳ್ಳಿರಿ. ರಾತ್ರಿ ಕಾರಿನಡಿ ಹಳೆಯ ರಟ್ಟು ಹಾಸಿಟ್ಟರೆ ಹನಿ ಬಿದ್ದ ಜಾಗ ತಿಳಿಯುತ್ತದೆ. ಬಣ್ಣವಿಲ್ಲದ ತಿಳಿನೀರು ಬಹುಶಃ ಏ.ಸಿ.ಯದು; ಹಸಿರೋ ಗುಲಾಬಿಯೋ ಆಗಿ ಅಂಟಿದರೆ ಕೂಲೆಂಟಿನದು. ಹೋಸ್ ಪೈಪುಗಳ ಸಂದು, ವಾಟರ್ ಪಂಪಿನ ಕೆಳಭಾಗಗಳಲ್ಲಿ ಒಣಗಿದ ಕಲೆಗಳನ್ನು ಹುಡುಕಬೇಕು. ಕಾರಿನೊಳಗೆ ಸಿಹಿವಾಸನೆ ಬಂದು ಮುಂದಿನ ನೆಲಹಾಸು ಒದ್ದೆಯಾದರೆ ಹೀಟರಿನ ಕಡೆ ಸಂಶಯಪಡಬೇಕು. ಹೊರಗೆಲ್ಲೂ ಹನಿ ಕಾಣದೆ, ಎಂಜಿನ್ನು ಬಿಸಿಯಾದ ಮೇಲೂ ಬಿಳಿಹೊಗೆ ನಿಲ್ಲದೆ, ಆಯಿಲ್ಲು ಹಾಲು ಬೆರೆತ ಕಾಫಿಯಂತೆ ಕಂಡರೆ ಹೆಡ್ ಗ್ಯಾಸ್ಕೆಟ್ ಕೆಟ್ಟಿರುವ ಸಂಭವ ಹೆಚ್ಚು. ಅಂಥ ಕಾರನ್ನು ಮುಂದೆ ಓಡಿಸದೆ ಎಳೆಸಿಕೊಂಡು ಹೋಗುವುದೇ ಲೇಸು.

ಮಟ್ಟ ಸರಿಯಿದ್ದೂ ಬಿಸಿಯೇರಿದರೆ ಫ್ಯಾನು, ಥರ್ಮೋಸ್ಟಾಟುಗಳನ್ನು ನೋಡಿಸಬೇಕು. ತೋಟದ ರಸ್ತೆಗಳಲ್ಲಿ ಓಡಾಡುವ ವಾಹನಗಳಲ್ಲಿ ರೇಡಿಯೇಟರಿನ ಸಂದುಗಳಿಗೆ ಕೆಸರು, ತರಗೆಲೆ ಮೆತ್ತಿರುವುದೂ ಉಂಟು.

ಘಾಟಿಯಲ್ಲೇ ಮುಳ್ಳು ಕೆಂಪು ಗೆರೆಯತ್ತ ಸರಿದರೆ ಏ.ಸಿ. ಆರಿಸಿ, ಅಗಲವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ನು ಬಂದುಮಾಡಿರಿ. ಅದು ಪೂರ್ತಿ ತಣಿಯುವವರೆಗೆ, ಮನೆಮಂದಿ ಎಷ್ಟೇ ಅವಸರಪಡಿಸಿದರೂ, ಮುಚ್ಚಳವನ್ನು ಮುಟ್ಟಕೂಡದು. ಒಳಗಿನ ಕುದಿದ್ರವ ಚಿಮ್ಮಿದರೆ ಮುಖ, ಕಣ್ಣುಗಳೇ ಸುಟ್ಟಾವು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಸೀಳುವ ಭಯವುಂಟು.

ಗೃಹಿಣಿಯರಿಗೊಂದು ಮಾತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಆದರೆ ಮೂತ್ರಪಿಂಡಗಳನ್ನು ಕೆಡಿಸುವ ಘೋರ ವಿಷ. ಉಳಿದ ದ್ರವವನ್ನು ಕುಡಿಯುವ ನೀರಿನ ಬಾಟಲಿಗೆ ಎಂದಿಗೂ ತುಂಬಿಡಬೇಡಿರಿ; ಅಂಗಳದಲ್ಲಿ ಚೆಲ್ಲಿದ್ದನ್ನು ಮಕ್ಕಳೂ ನಾಯಿಯೂ ಸುಳಿಯುವ ಮುನ್ನ ತೊಳೆದುಬಿಡಿರಿ.