ನಾಚಿಕೆ ‘ಇಲ್ಲ’, ನಾಚಿಕೆ ‘ಆಗಲಿಲ್ಲ’: ಭಾವಮಾಪನ ಪ್ರಶ್ನಾವಳಿಯ ಕನ್ನಡ ರೂಪ ಮತ್ತು ಅದರ ಸಿಂಧುತ್ವ

ವಾಟ್ಸನ್, ಕ್ಲಾರ್ಕ್ ಮತ್ತು ಟೆಲ್ಲೆಗೆನ್ 1988ರಲ್ಲಿ ಪ್ರಕಟಿಸಿದ ‘ಪನಾಸ್’ ಪ್ರಶ್ನಾವಳಿಯಲ್ಲಿ ಸಕಾರಾತ್ಮಕ ಭಾವಕ್ಕೆ 10, ನಕಾರಾತ್ಮಕ ಭಾವಕ್ಕೆ 10 ಪದಗಳಿವೆ. ಪ್ರತಿಯೊಂದು ಭಾವವೂ ತಮ್ಮಲ್ಲಿ ಎಷ್ಟರಮಟ್ಟಿಗೆ ಇತ್ತೆಂಬುದನ್ನು ಉತ್ತರಿಸುವವರು 1ರಿಂದ 5ರವರೆಗಿನ ಅಂಕದಲ್ಲಿ ಸೂಚಿಸುತ್ತಾರೆ. ಇದನ್ನು ಕನ್ನಡಕ್ಕೆ ತಂದು ಬೆಂಗಳೂರು ಗ್ರಾಮಾಂತರ ಜಿಲ್ಲೆಯಂತಹ ಪ್ರದೇಶದಲ್ಲಿ ಬಳಸುವಾಗ, ಸಿಂಧುತ್ವದ ಪರೀಕ್ಷೆ ಪದದ ಆಯ್ಕೆಯ ಜೊತೆಗೆ ವಾಕ್ಯರಚನೆಯನ್ನೂ ಒಳಗೊಳ್ಳಬೇಕೆಂಬುದು ನಮ್ಮ ವಾದ.

ಮೂಲ ಪ್ರಶ್ನಾವಳಿಯ ಅಂಶಗಳೆಲ್ಲ ಒಂಟಿ ಗುಣವಾಚಕಗಳು. ಕನ್ನಡದಲ್ಲಿ ಭಾವವು ಸಾಮಾನ್ಯವಾಗಿ ನಾಮಪದ. ಅದನ್ನು ಅನುಭವಿಸುವವರು ಚತುರ್ಥಿ ವಿಭಕ್ತಿಯಲ್ಲಿರುತ್ತಾರೆ: ‘ನನಗೆ ಭಯವಾಯಿತು’. ಹೀಗಾಗಿ ‘ಆಗು’, ‘ಇರು’ ಎಂಬ ಕ್ರಿಯಾಪದಗಳ ನಡುವೆ ಆಯ್ಕೆ ಮಾಡಲೇಬೇಕು. ‘ಅಷೇಮ್ಡ್’ ಎಂಬ ನಕಾರಾತ್ಮಕ ಅಂಶಕ್ಕೆ ಮೊದಲು ಹೊಳೆಯುವ ಪದ ‘ನಾಚಿಕೆ’. ಅದು ತಲೆ ತಗ್ಗಿಸುವಂತೆ ಮಾಡುವ ಅಪಮಾನವನ್ನೂ, ಹೊಸಬರೆದುರಿನ ಸಂಕೋಚವನ್ನೂ, ಸಮಾಜ ಮೆಚ್ಚುವ ಮಾನ-ಮರ್ಯಾದೆಯನ್ನೂ ಸೂಚಿಸುತ್ತದೆ. ‘ನನಗೆ ನಾಚಿಕೆಯಾಗಲಿಲ್ಲ’ ಎಂಬುದು ಒಂದು ಸಂದರ್ಭದ ವರದಿ. ‘ನನಗೆ ನಾಚಿಕೆ ಇಲ್ಲ’ ಎಂಬುದು ತನ್ನನ್ನು ತಾನೇ ಬೈದುಕೊಂಡಂತೆ. ಸಂದರ್ಶಕರು ‘ನಾಚಿಕೆ ಇದೆಯೇ?’ ಎಂದು ಕೇಳಿದರೆ, ನೆಮ್ಮದಿಯಾಗಿರುವ ದೊಡ್ಡಬಳ್ಳಾಪುರದ ಮಗ್ಗದ ಕೆಲಸಗಾರ್ತಿಯೂ ಕನಿಷ್ಠ ಅಂಕ ಕೊಡಲು ಹಿಂಜರಿದಾಳು. ಆಕೆಯ ಸಭ್ಯತೆ ಆಕೆಯ ಸಂಕಟದ ಲೆಕ್ಕಕ್ಕೆ ಸೇರುತ್ತದೆ.

1970ರಲ್ಲಿ ಬ್ರಿಸ್ಲಿನ್ ವಿವರಿಸಿದ ಮರು-ಅನುವಾದದ ವಿಧಾನಕ್ಕೆ ಈ ದೋಷ ಸುಲಭವಾಗಿ ಸಿಕ್ಕುವುದಿಲ್ಲ. ಸುತ್ತಲಿನ ನಕಾರಾತ್ಮಕ ಪದಗಳನ್ನು ಕಂಡ ಅನುವಾದಕರು ‘ನಾಚಿಕೆ’ಯಿಂದ ಮೂಲಪದವನ್ನೇ ಊಹಿಸಬಲ್ಲರು. ಕ್ರಾನ್‌ಬಾಕ್ ಆಲ್ಫಾ ಅಂಶಗಳ ಪರಸ್ಪರ ಹೊಂದಾಣಿಕೆಯನ್ನಷ್ಟೇ ತಿಳಿಸುತ್ತದೆ. ‘ಸ್ಕೇರ್ಡ್’, ‘ಅಫ್ರೇಡ್’ ಎಂಬ ಎರಡು ಅಂಶಗಳಿಗೆ ‘ಹೆದರಿಕೆ’, ‘ಭಯ’ ಎಂದಿಟ್ಟರೆ ಒಂದೇ ಪ್ರಶ್ನೆಯನ್ನು ಎರಡು ಬಾರಿ ಕೇಳಿದಂತಾಗಿ ಆಲ್ಫಾ ಏರಲೂಬಹುದು. ಪ್ರಶ್ನಾವಳಿಯನ್ನು ಕಿರಿದಾಗಿಸುವುದೂ ಪರಿಹಾರವಲ್ಲ: ಥಾಂಪ್ಸನ್ 2007ರಲ್ಲಿ ಅಂತರರಾಷ್ಟ್ರೀಯ ಬಳಕೆಗೆಂದು ರೂಪಿಸಿದ 10 ಅಂಶಗಳ ಆವೃತ್ತಿಯಲ್ಲಿಯೂ ‘ಅಷೇಮ್ಡ್’ ಉಳಿದಿದೆ.

ನಾವು ಸೂಚಿಸುವ ಕ್ರಮದಲ್ಲಿ ಮೂರು ಹಂತಗಳಿವೆ. ಮೊದಲನೆಯದಾಗಿ, ಪ್ರತಿ ಅಂಶವನ್ನೂ ಕಾಲಾವಧಿಯೊಂದಿಗೆ ‘ಆಗು’ ಕ್ರಿಯಾಪದದ ವಾಕ್ಯವಾಗಿಸಬೇಕು: ‘ಕಳೆದ ಒಂದು ವಾರದಲ್ಲಿ ತಲೆ ತಗ್ಗಿಸುವಂಥ ನಾಚಿಕೆ ನಿಮಗೆ ಎಷ್ಟರಮಟ್ಟಿಗೆ ಆಗಿತ್ತು?’ ಎರಡನೆಯದಾಗಿ, ಉತ್ತರಿಸಿದವರು ಪ್ರಶ್ನೆಯನ್ನು ಹೇಗೆ ಗ್ರಹಿಸಿದರೆಂಬುದನ್ನು ಅವರ ಮಾತಿನಲ್ಲೇ ಕೇಳಬೇಕು. ತೆಲುಗು ಮನೆಮಾತಿನವರನ್ನು ಬಿಡಬಾರದು, ಏಕೆಂದರೆ ತೆಲುಗಿನ ‘ಸಿಗ್ಗು’ ಕೂಡ ಸಂಕೋಚ, ಅಪಮಾನಗಳೆರಡನ್ನೂ ಸೂಚಿಸುತ್ತದೆ. ಮೂರನೆಯದಾಗಿ, ಅಪವರ್ತನ ವಿಶ್ಲೇಷಣೆಯಲ್ಲಿ ಈ ಅಂಶವು ಸ್ತ್ರೀಯರಲ್ಲಿಯೂ ಪುರುಷರಲ್ಲಿಯೂ ಒಂದೇ ರೀತಿ ವರ್ತಿಸುತ್ತದೆಯೇ ಎಂದು ಪರೀಕ್ಷಿಸಬೇಕು. ಈ ಪರೀಕ್ಷೆಯಿಲ್ಲದೆ ಸರಾಸರಿಗಳನ್ನು ಹೋಲಿಸಿ ಸ್ತ್ರೀಯರಲ್ಲಿ ನಕಾರಾತ್ಮಕ ಭಾವ ಹೆಚ್ಚೆಂದು ತೀರ್ಮಾನಿಸಿದರೆ, ಆ ವ್ಯತ್ಯಾಸ ಅವರ ಮನಸ್ಥಿತಿಯದೋ ಒಂದು ಕ್ರಿಯಾಪದದ್ದೋ ಎಂಬುದನ್ನು ಹೇಳಲಾಗದು.