ಭತ್ತದ ಕೂಳೆಯಲ್ಲಿ ಬೆಳೆಯುವ ಕ್ರಾಫಿಶ್

ಅಮೆರಿಕದ ಲೂಸಿಯಾನ ರಾಜ್ಯದಲ್ಲಿ ಬೇಸಿಗೆಯ ಕೊನೆಗೆ ಭತ್ತದ ಕೊಯ್ಲು ಮುಗಿಯುತ್ತದೆ. ಅಕ್ಟೋಬರ್ ಹೊತ್ತಿಗೆ ರೈತರು ಅದೇ ಗದ್ದೆಗೆ ಮತ್ತೆ ನೀರು ಕಟ್ಟುತ್ತಾರೆ. ಈ ನೀರು ನೆಲದಡಿ ಅಡಗಿರುವ ಕ್ರಾಫಿಶ್‌ಗಳಿಗಾಗಿ.

ಸಿಗಡಿ, ಏಡಿಗಳ ಬಳಗಕ್ಕೆ ಸೇರಿದ ಸಿಹಿನೀರಿನ ಜೀವಿ ಇದು. ಇಕ್ಕಳದಂಥ ಎರಡು ದಪ್ಪ ಮುಂಗಾಲುಗಳಿವೆ. ಅಲ್ಲಿ ಹೆಚ್ಚಾಗಿ ಸಾಕುವ ಜಾತಿಯ ಹೆಸರು ಪ್ರೊಕ್ಯಾಂಬರಸ್ ಕ್ಲಾರ್ಕಿ. ನೀರು ಏರಿ ಇಳಿಯುವ ಜೌಗು ನೆಲವೇ ಅದರ ತವರು. ಹಾಗಾಗಿ ಕೊಯ್ಲಿಗೆಂದು ಗದ್ದೆಯ ನೀರು ಬಸಿದರೂ ಅದು ಸಾಯುವುದಿಲ್ಲ, ಒದ್ದೆ ಮಣ್ಣಿನಲ್ಲಿ ಬಿಲ ತೋಡಿ ಒಳಸೇರುತ್ತದೆ. ತೋಡಿದ ಕೆಸರನ್ನು ಉಂಡೆ ಉಂಡೆಯಾಗಿ ಮೇಲೆ ತಂದು ಪೇರಿಸುವುದರಿಂದ ಬದುಗಳ ಮೇಲೆ ಮಣ್ಣಿನ ಪುಟ್ಟ ಗೋಪುರಗಳು ಏಳುತ್ತವೆ. ಕತ್ತಲ ಬಿಲದೊಳಗೆ ಹೆಣ್ಣು ಬಾಲದಡಿಯ ಕಿರುಗಾಲುಗಳಿಗೆ ನೂರಾರು ಮೊಟ್ಟೆಗಳನ್ನು ಅಂಟಿಸಿಕೊಂಡು ಕಾಯುತ್ತದೆ. ಮೊಟ್ಟೆಯೊಡೆದ ಮರಿಗಳೂ ಕೆಲಕಾಲ ಅಲ್ಲಿಯೇ ಜೋತುಬಿದ್ದಿರುತ್ತವೆ. ಗದ್ದೆಗೆ ಬಂದ ನೀರು ಬಿಲದ ಬಾಯಿಯ ಮಣ್ಣನ್ನು ಮೆದುಗೊಳಿಸಿದಾಗ ತಾಯಿ ಮರಿಗಳೊಂದಿಗೆ ಹೊರಬರುತ್ತದೆ. ಭತ್ತದ ಕಾಲಚಕ್ರಕ್ಕೆ ಇಷ್ಟು ಚೆನ್ನಾಗಿ ಹೊಂದುವ ಇನ್ನೊಂದು ಪ್ರಾಣಿಯನ್ನು ಹುಡುಕುವುದು ಕಷ್ಟ.

ಇದಕ್ಕೆ ರೈತ ಬೇರೆ ಮೇವು ಹಾಕುವುದು ಅಪರೂಪ. ನೀರಿನಲ್ಲಿ ನೆನೆದ ಕೂಳೆ ಕೊಳೆಯುತ್ತದೆ, ಅದರ ಮೇಲೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಬೆಳೆಯುತ್ತವೆ. ಅವನ್ನು ತಿಂದು ಬದುಕುವ ಹುಳುಹುಪ್ಪಟೆಗಳು ಕ್ರಾಫಿಶ್‌ಗೆ ಆಹಾರ. ನಾವು ಉಣ್ಣಲಾರದ ಹುಲ್ಲು ಈ ದಾರಿಯಲ್ಲಿ ಪ್ರೋಟೀನ್ ಆಗುತ್ತದೆ. ಆದರೆ ಕೊಳೆಯುವ ಹುಲ್ಲು ನೀರಿನ ಆಮ್ಲಜನಕವನ್ನೂ ಹೀರುತ್ತದೆ. ಬಿಸಿಲೇರಿದ ದಿನಗಳಲ್ಲಿ ಪಂಪ್ ಹಾಕಿ ಹೊಸ ನೀರು ಹಾಯಿಸದಿದ್ದರೆ ಬೆಳೆ ಕೈಬಿಟ್ಟಂತೆಯೇ.

ತಂತಿ ಬಲೆಯ ಗೂಡುಗಳಲ್ಲಿ ಮೀನಿನ ತುಂಡಿಟ್ಟು ಹಿಡಿಯುವ ಕೆಲಸ ಚಳಿಗಾಲದಿಂದ ಜೂನ್‌ವರೆಗೂ ನಡೆಯುತ್ತದೆ. ಖಾರದ ಪುಡಿ, ಆಲೂಗಡ್ಡೆ, ಜೋಳದ ತೆನೆಯ ಜೊತೆ ದೊಡ್ಡ ಹಂಡೆಯಲ್ಲಿ ಬೇಯಿಸಿ, ಮೇಜಿನ ಮೇಲೆ ಸುರಿದು ಎಲ್ಲರೂ ಸುತ್ತ ನಿಂತು ತಿನ್ನುತ್ತಾರೆ. ಬ್ರೋ ಬ್ರಿಡ್ಜ್ ಎಂಬ ಊರನ್ನು ಲೂಸಿಯಾನದ ಶಾಸನಸಭೆ 1959ರಲ್ಲಿಯೇ ಜಗತ್ತಿನ ಕ್ರಾಫಿಶ್ ರಾಜಧಾನಿ ಎಂದು ಘೋಷಿಸಿತು.

ಬೇಯಿಸಿದ 100 ಗ್ರಾಂ ಮಾಂಸದಲ್ಲಿ ಸುಮಾರು 17 ಗ್ರಾಂ ಪ್ರೋಟೀನ್ ಇದೆ. ಕೊಬ್ಬು ಒಂದು ಗ್ರಾಂಗಿಂತ ತುಸು ಹೆಚ್ಚು, ಶಕ್ತಿ 85 ಕ್ಯಾಲೊರಿಯಷ್ಟು. ಬಿ12 ಜೀವಸತ್ವ, ಸೆಲೆನಿಯಂ ಧಾರಾಳ. ಕೊಲೆಸ್ಟರಾಲ್ 130 ಮಿಲಿಗ್ರಾಂ ದಾಟಿದರೂ ಸ್ಯಾಚುರೇಟೆಡ್ ಕೊಬ್ಬು ತೀರಾ ಕಡಿಮೆ. ಸಿಗಡಿ ಅಲರ್ಜಿ ಇರುವವರು ಮಾತ್ರ ಇದನ್ನು ಮುಟ್ಟಬಾರದು. ತಿನ್ನಲು ಸಿಗುವುದು ಮುಖ್ಯವಾಗಿ ಬಾಲದ ಮಾಂಸ, ಅದೂ ಒಟ್ಟು ತೂಕದ ಶೇ. 15ರಷ್ಟು. ಸುಲಿಯುವ ಕೂಲಿ ದುಬಾರಿ. ಚೀನಾದಿಂದ ಅಗ್ಗದ ಬಾಲದ ಮಾಂಸ ಬಂದು ಬೀಳತೊಡಗಿದಾಗ ಅಮೆರಿಕ 1997ರಲ್ಲಿ ಅದರ ಮೇಲೆ ಹೆಚ್ಚುವರಿ ಸುಂಕ ಹೇರಬೇಕಾಯಿತು. ಲೂಸಿಯಾನದ 2023ರ ಬರದಲ್ಲಿ ನೆಲ ಬಿರಿದು ಬಿಲದಲ್ಲಿದ್ದ ತಾಯಿ ಕ್ರಾಫಿಶ್‌ಗಳು ಸತ್ತವು. ಮರುವರ್ಷ ಬೆಲೆ ಗಗನಕ್ಕೇರಿತು.

ಗದ್ದೆಯಿಂದ ಎರಡು ಬೆಳೆ ತೆಗೆಯುವ ಈ ಜಾಣ್ಮೆ ನಮಗೆ ಹೊಸದಲ್ಲ. ಕುಮಟಾದ ಅಘನಾಶಿನಿ ಅಳಿವೆಯ ಗಜನಿ ಎಂಬ ಗದ್ದೆಗಳಲ್ಲಿ ಮಳೆಗಾಲಕ್ಕೆ ಕಗ್ಗ ತಳಿಯ ಭತ್ತ, ಕೊಯ್ಲಾದ ಮೇಲೆ ಉಬ್ಬರದ ನೀರಿನೊಂದಿಗೆ ಒಳಬರುವ ಸಿಗಡಿ, ಮೀನು. ಉಳಿಸಿ ಬೆಳೆಸಬೇಕಾದದ್ದು ಅದನ್ನು. ಕ್ರಾಫಿಶ್ಶನ್ನು ತಂದು ಸಾಕುವ ಆಸೆ ಬೇಡ. 1970ರ ದಶಕದಲ್ಲಿ ಸ್ಪೇನ್ ಅದನ್ನು ತರಿಸಿಕೊಂಡಿತು. ಅದು ಗದ್ದೆಯ ಬದುಗಳನ್ನು ಕೊರೆಯಿತು, ತಾನು ಹೊತ್ತು ತಂದ ರೋಗವನ್ನು ಅಲ್ಲಿನ ಸ್ಥಳೀಯ ಕ್ರಾಫಿಶ್‌ಗಳಿಗೆ ಹರಡಿತು. ನಮ್ಮ ದೇಶದಲ್ಲಿ ಅಲಂಕಾರಕ್ಕೆಂದು ಕ್ರಾಫಿಶ್ ಮಾರುವವರಿದ್ದಾರೆ. ನಿಮ್ಮ ಅಕ್ವೇರಿಯಂನಲ್ಲಿ ಅಂಥದ್ದಿದ್ದರೆ, ಸಾಕಿ ಸಾಕಾದರೂ ದಯವಿಟ್ಟು ಊರ ಕೆರೆಗೆ ಬಿಡಬೇಡಿ.