ಹುಳು ಮನೆಗೆ ಯಾವ ಹೀಟರ್ ತರೋದು?

ಕಳೆದ ಡಿಸೆಂಬರ್ ರಜೆಗೆ ಊರಿಗೆ ಹೋದಾಗ ಅಪ್ಪ ಮೊದಲು ಕೇಳಿದ್ದು ಮಾರ್ಕ್ಸ್ ಬಗ್ಗೆ ಅಲ್ಲ. "ಇಂಜಿನಿಯರಿಂಗ್ ಓದ್ತಿದ್ದೀಯಲ್ಲ, ಹುಳು ಮನೆಗೆ ಯಾವ ಹೀಟರ್ ತರೋದು ಹೇಳು" ಅಂದ್ರು. ಹೀಟ್ ಟ್ರಾನ್ಸ್‌ಫರ್ ಪೇಪರ್ ಪಾಸಾಗಿತ್ತು, ಆದ್ರೂ ಥಟ್ ಅಂತ ಹೇಳೋಕೆ ಆಗಲಿಲ್ಲ. ಆ ರಜೆಯಲ್ಲಿ ಕೂತು ಹಾಕಿದ ಲೆಕ್ಕವೇ ಈ ಲೇಖನ. ನಿಮ್ಮ ಮನೇಲಿ ರೇಷ್ಮೆ ಹುಳು ಇಲ್ಲದಿದ್ರೂ ಪರವಾಗಿಲ್ಲ. ಬೈಕ್ ನಿಲ್ಲಿಸೋ ಗ್ಯಾರೇಜು, ಮರಗೆಲಸದ ಶೆಡ್ಡು, ಕೋಳಿಮರಿ ಸಾಕೋ ಕೋಣೆ, ವರ್ಷಕ್ಕೆ ಕೆಲವೇ ದಿನ ಬೆಚ್ಚಗಿಡಬೇಕಾದ ಯಾವ ಜಾಗಕ್ಕಾದ್ರೂ ಲೆಕ್ಕ ಇದೇ.

ನಮ್ಮೂರು ಕೊರಟಗೆರೆ ತಾಲ್ಲೂಕಲ್ಲಿ, ಸಿದ್ದರಬೆಟ್ಟ ಕಾಣಿಸುವಷ್ಟು ದೂರದಲ್ಲಿದೆ. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಅಂದ್ರೆ ಬಿಸಿಲು ಅಂತಲೇ ಎಲ್ಲರ ಲೆಕ್ಕ. ಆದರೆ ಇಲ್ಲಿ ಒಣ ಹವೆ. ಚಳಿಗಾಲದಲ್ಲಿ ಮೋಡವಿಲ್ಲದ ರಾತ್ರಿ ನೆಲ, ಬಂಡೆ, ಚಾವಣಿ ಎಲ್ಲ ತಮ್ಮ ಶಾಖವನ್ನು ನೇರ ಆಕಾಶಕ್ಕೆ ಬಿಟ್ಟುಬಿಡುತ್ತವೆ. ತಗಡಿನ ಶೀಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಬೆಳಗಿನ ಜಾವ ಶೀಟಿನ ಒಳಮೈಯಿಂದ ನೀರು ತೊಟ್ಟಿಕ್ಕೋದು ಅದಕ್ಕೇ.

ದೊಡ್ಡ ಹುಳುವಿಗೆ ಬೇಕಾಗಿದ್ದು ಸುಮಾರು 24 ಡಿಗ್ರಿ. ಅದಕ್ಕಿಂತ ತೀರಾ ಕಮ್ಮಿಯಾದ್ರೆ ಹುಳು ಮಂಕಾಗುತ್ತೆ, ಸೊಪ್ಪು ತಿನ್ನಲ್ಲ, ಹಣ್ಣಾಗೋದು ದಿನಗಟ್ಟಲೆ ತಡವಾಗುತ್ತೆ. ಅಷ್ಟೂ ದಿನ ಸೊಪ್ಪು ಮತ್ತು ಕೂಲಿ ಕೈಯಿಂದಲೇ ಹೋಗಬೇಕು.

ಶಾಖ ಹೋಗೋದು ಎಲ್ಲಿಂದ?

ನಮ್ಮ ಶೆಡ್ಡು 20 ಅಡಿ ಉದ್ದ, 15 ಅಡಿ ಅಗಲ, 10 ಅಡಿ ಎತ್ತರ. ಬೆಳಗಿನ ಜಾವ ಹೊರಗೆ 14 ಡಿಗ್ರಿ, ಒಳಗೆ 24 ಬೇಕು ಅಂದ್ರೆ 10 ಡಿಗ್ರಿ ವ್ಯತ್ಯಾಸ. ಒಳಗಿನ ಗಾಳಿಯನ್ನಷ್ಟೇ 10 ಡಿಗ್ರಿ ಕಾಯಿಸೋಕೆ ಕಾಲು ಯೂನಿಟ್ ಕರೆಂಟ್ ಸಾಕು. ನಿಜವಾದ ಖರ್ಚು ಇರೋದು ಸೋರಿಹೋಗುವ ಶಾಖವನ್ನು ತುಂಬಿಕೊಡೋದರಲ್ಲಿ.

ಬರೀ ಶೀಟಿನ ಯು-ವ್ಯಾಲ್ಯೂ, ಅಂದ್ರೆ ಒಂದು ಚದರ ಮೀಟರಿನಲ್ಲಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸೋರುವ ಶಾಖ, ಹತ್ತಿರಹತ್ತಿರ 7 ವ್ಯಾಟ್. ನಮ್ಮ ಚಾವಣಿ 28 ಚದರ ಮೀಟರ್. 28 × 7 × 10 = 1,960 ವ್ಯಾಟ್. ಒಂಬತ್ತಿಂಚು ಇಟ್ಟಿಗೆ ಗೋಡೆಗಳಿಂದ ಸುಮಾರು 1,300, ಸಂದಿಗಳಲ್ಲಿ ಓಡಾಡುವ ಗಾಳಿಯಿಂದ ಸುಮಾರು 280. ಒಟ್ಟು 3,500 ವ್ಯಾಟ್. 2,000 ವ್ಯಾಟ್ ಹೀಟರ್ ತಂದಿಟ್ರೆ ಅದು ಚಾವಣಿಗೇ ಸರಿಹೋಯ್ತು.

ಈಗ ಶೀಟಿನ ಕೆಳಗೆ ಒಂದಿಂಚು ದಪ್ಪದ ಥರ್ಮಾಕೋಲ್ ಸೀಲಿಂಗ್ ಹಾಕೋಣ. ಯು-ವ್ಯಾಲ್ಯೂ 1.2ರ ಆಸುಪಾಸಿಗೆ ಇಳಿಯುತ್ತದೆ. ಚಾವಣಿಯ ಸೋರಿಕೆ 340 ವ್ಯಾಟ್, ಒಟ್ಟು 1,900 ಚಿಲ್ಲರೆ. ಅದೇ 2,000 ವ್ಯಾಟ್ ಹೀಟರ್ ಈಗ ಸಾಕಾಗುತ್ತೆ. ಅಪ್ಪನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿತ್ತು: ಹೀಟರ್‌ಗಿಂತ ಮುಂಚೆ ಸೀಲಿಂಗ್.

ಯಾವ ಹೀಟರ್?

ಅಂಗಡಿಯಲ್ಲಿ "ಇದು ಕರೆಂಟ್ ಉಳಿಸುತ್ತೆ ಸಾರ್" ಅಂತಾರೆ. ನಂಬಬೇಡಿ. ಕಾಯಿಲ್, ರಾಡ್, ಬ್ಲೋವರ್, ಆಯಿಲ್ ಹೀಟರ್, ಯಾವುದೇ ಆಗಲಿ, ಒಂದು ಯೂನಿಟ್ ಕರೆಂಟಿಗೆ ಬರೋದು ಒಂದು ಯೂನಿಟ್ ಶಾಖವೇ. ವ್ಯತ್ಯಾಸ ಇರೋದು ಶಾಖ ಎಲ್ಲಿಗೆ ಹೋಗುತ್ತೆ ಅನ್ನೋದರಲ್ಲಿ.

ಕೆಂಪಗೆ ಉರಿಯುವ ರಾಡ್ ಮತ್ತು ಹ್ಯಾಲೋಜನ್ ಹೀಟರ್ ಎದುರಿಗಿರೋದನ್ನು ಕಾಯಿಸುತ್ತವೆ, ಗಾಳಿಯನ್ನಲ್ಲ. ಗ್ಯಾರೇಜಲ್ಲಿ ಒಂದು ಗಂಟೆ ಬೈಕ್ ರಿಪೇರಿ ಮಾಡೋರಿಗೆ ಇದೇ ಸರಿ. ಇಡೀ ಕೋಣೆ ಕಾಯೋವರೆಗೆ ಕಾಯೋ ಕೆಲಸ ಇಲ್ಲ. ಆದರೆ ಹುಳುವಿನ ತಟ್ಟೆಗೆ ಇದು ಬೇಡ, ಎದುರಿನ ತಟ್ಟೆ ಬೇಯುತ್ತೆ, ಹಿಂದಿನದು ನಡುಗುತ್ತೆ.

ಬ್ಲೋವರ್ ಅಗ್ಗ, ಕೋಣೆ ಬೇಗ ಬಿಸಿಯಾಗುತ್ತೆ. ಆದರೆ ಬಿಸಿಗಾಳಿ ನೇರ ಬಡಿದ ಕಡೆ ಸೊಪ್ಪು ಬಾಡುತ್ತೆ, ದೂಳಿರೋ ಜಾಗದಲ್ಲಿ ಕಾಯಿಲ್‌ಗೆ ಕಸ ಕೂರುತ್ತೆ. ಆಯಿಲ್ ಹೀಟರ್ ನಿಧಾನ, ಬೆಲೆ ನಾಲ್ಕೈದು ಪಟ್ಟು. ಆದರೆ ಶಾಖ ಸಮವಾಗಿ ಹರಡುತ್ತೆ, ಕೆಂಪಗೆ ಕಾದ ಭಾಗ ಹೊರಗಿರಲ್ಲ. ರಾತ್ರಿಯಿಡೀ ಉರಿಸೋ ಹುಳು ಮನೆಗೆ ಇದೇ ವಾಸಿ.

ಹಾಟ್ ಅಂಡ್ ಕೋಲ್ಡ್ ಎಸಿ? ಅದು ಒಂದು ಯೂನಿಟ್‌ಗೆ ಸುಮಾರು ಮೂರು ಯೂನಿಟ್ ಶಾಖ ಕೊಡುತ್ತೆ, ನಿಜ. ಆದರೆ ನಮಗೆ ಬೇಕಾಗೋದು ವರ್ಷಕ್ಕೆ 30 ರಾತ್ರಿ. ಥರ್ಮೋಸ್ಟಾಟ್ ಇದ್ದರೆ ರಾತ್ರಿಗೆ 10 ಯೂನಿಟ್, ಯೂನಿಟ್‌ಗೆ 7 ರೂಪಾಯಿ ಹಿಡಿದರೂ ವರ್ಷಕ್ಕೆ 2,100 ರೂಪಾಯಿ. ಎಸಿಯಿಂದ ಉಳಿಯೋದು 1,400. ಅದಕ್ಕೆ 35,000 ಹೆಚ್ಚು ಕೊಟ್ಟರೆ ಹಣ ವಾಪಸ್ ಬರೋಕೆ 25 ವರ್ಷ. ಅಪರೂಪಕ್ಕೆ ಬಳಸೋ ವಸ್ತುವಿಗೆ ಕಮ್ಮಿ ಬೆಲೆಯೇ ಉಳಿತಾಯ.

ಇನ್ನೊಂದು ವಿಷಯ. 14 ಡಿಗ್ರಿಯಲ್ಲಿ 85% ತೇವಾಂಶ ಇದ್ದ ಗಾಳಿಯನ್ನು 24ಕ್ಕೆ ಕಾಯಿಸಿದರೆ ತೇವಾಂಶ 46%ಕ್ಕೆ ಇಳಿಯುತ್ತೆ. ಹೀಟರ್ ಯಾವುದಾದ್ರೂ ಅಷ್ಟೇ. ದೊಡ್ಡ ಹುಳುವಿಗೆ 70% ಬೇಕು. ಅದಕ್ಕೆ ಒದ್ದೆ ಗೋಣಿಚೀಲ ನೇತು ಹಾಕೋ ಹಳೇ ಪದ್ಧತಿ ಸರಿಯಾಗೇ ಇದೆ. ಹುಳು ಜ್ವರಕ್ಕೆ ಕೂತಾಗ ಮಾತ್ರ ತೆಗೆದುಬಿಡಿ.

ಕೆಂಡದ ಬಾಂಡ್ಲಿ

ಇಷ್ಟೆಲ್ಲ ಯಾಕೆ, ಒಂದು ಬಾಂಡ್ಲಿ ಇದ್ದಿಲು ಹೊತ್ತಿಸಿಟ್ರೆ ಆಯ್ತಲ್ಲ ಅಂತ ಕೇಳಬಹುದು. ನಮ್ಮ ಮನೇಲೂ ಹಾಗೇ ಇತ್ತು. ಮೂರು ವರ್ಷದ ಹಿಂದೆ ಒಂದು ರಾತ್ರಿ ಚಳಿ ಜಾಸ್ತಿ ಅಂತ ಕಿಟಕಿಗೆಲ್ಲ ಗೋಣಿ ತುರುಕಿ, ಕೆಂಡ ಇಟ್ಟು, ಹುಳು ನೋಡಿಕೊಳ್ಳೋಕೆ ಅಜ್ಜಿ ಅಲ್ಲೇ ಮಲಗಿದ್ರು. ಬೆಳಗ್ಗೆ ಐದಕ್ಕೆ ಸೊಪ್ಪು ಹಾಕೋಕೆ ಅಮ್ಮ ಬಾಗಿಲು ತೆಗೆದ್ರೆ ಅಜ್ಜಿಗೆ ಎದ್ದು ನಿಲ್ಲೋಕೆ ಆಗ್ತಿಲ್ಲ. ತಲೆನೋವು, ವಾಂತಿ. ಹೊರಗೆ ಜಗಲಿ ಮೇಲೆ ಮಲಗಿಸಿದ್ವಿ, ಮಧ್ಯಾಹ್ನದ ಹೊತ್ತಿಗೆ ಸುಧಾರಿಸಿಕೊಂಡ್ರು. ಎಲ್ಲರೂ ಪಿತ್ತ ಅಂದ್ರು.

ಅದು ಪಿತ್ತ ಅಲ್ಲ, ಕಾರ್ಬನ್ ಮೊನಾಕ್ಸೈಡ್ ಅಂತ ನನಗೆ ಹೊಳೆದಿದ್ದು ಕಾಲೇಜಿಗೆ ಬಂದ ಮೇಲೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಕಟ್ಟಿಗೆಯಾದ್ರೆ ಹೊಗೆಗೆ ಕಣ್ಣುರಿದು ಎಚ್ಚರವಾಗುತ್ತೆ. ಕೆಂಡಕ್ಕೆ ಹೊಗೆ ಇರಲ್ಲ, ಮಲಗಿದೋರು ಮಲಗಿದಂಗೇ ಇರ್ತಾರೆ. ಗ್ಯಾಸ್ ಒಲೆ ಇಟ್ಟರೂ ಮುಚ್ಚಿದ ಕೋಣೆಯ ಆಮ್ಲಜನಕವನ್ನೇ ಉರಿಸಬೇಕು. ಜೊತೆಗೆ ಒಂದು ಕೆಜಿ ಗ್ಯಾಸ್‌ಗೆ ಒಂದೂವರೆ ಕೆಜಿಗಿಂತ ಹೆಚ್ಚು ನೀರಾವಿ ಬರುತ್ತೆ. ಗೂಡು ಕಟ್ಟೋ ಹೊತ್ತಲ್ಲಿ ಅದು ಬೇಡವೇ ಬೇಡ.

ಇಲ್ಲಿ ನಾನೇ ಬೆಚ್ಚಿದ್ದು ಇನ್ನೊಂದಕ್ಕೆ. ಸೀಲಿಂಗ್ ಹಾಕಿ, ಸಂದಿ ಮುಚ್ಚಿ ಅಂತ ಹೇಳಿದವನು ನಾನು. ಶೆಡ್ಡು ಬಿಗಿಯಾದಷ್ಟೂ ಕೆಂಡ ಹೆಚ್ಚು ಅಪಾಯ. ಹಾಗಾಗಿ ಅಪ್ಪನಿಗೆ ಒಂದೇ ಷರತ್ತು ಹಾಕಿದೆ: ಸೀಲಿಂಗ್ ಒಳಗೆ ಬಂದ ದಿನ ಬಾಂಡ್ಲಿ ಹೊರಗೆ ಹೋಗಬೇಕು. ಎರಡೂ ಒಟ್ಟಿಗೆ ಇರಕೂಡದು.

ತರೋ ಮುಂಚೆ ಇಷ್ಟು ನೋಡಿ

2,000 ವ್ಯಾಟ್ ಅಂದ್ರೆ 230 ವೋಲ್ಟಿಗೆ 8.7 ಆಂಪ್. 6 ಆಂಪ್ ಸಾಕೆಟ್ಟಿಗೆ, ಬಲ್ಬಿನ ವೈರಿಗೆ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಹಾಕಬೇಡಿ. 16 ಆಂಪ್ ಸಾಕೆಟ್, ಕನಿಷ್ಠ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಸರಿಯಾದ ಅರ್ಥಿಂಗ್, 30 ಮಿಲಿಆಂಪ್ ಆರ್‌ಸಿಸಿಬಿ ಇರಲಿ. ಒದ್ದೆ ಗೋಣಿ ಇರೋ ಕೋಣೆ ಇದು, ಮರೀಬೇಡಿ.

ಹಳ್ಳಿಯ ಲೋ ವೋಲ್ಟೇಜನ್ನೂ ಲೆಕ್ಕಕ್ಕೆ ಹಿಡೀರಿ. ಪವರ್ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 180 ವೋಲ್ಟ್ ಬಂದರೆ 2,000 ವ್ಯಾಟ್ ಹೀಟರ್ ಕೊಡೋದು 1,225 ವ್ಯಾಟ್ ಅಷ್ಟೇ.

ಮನೆ ಮೀಟರಿಂದಲೇ ಶೆಡ್ಡಿಗೆ ಲೈನ್ ಎಳೆದಿದ್ರೆ ಗೃಹಜ್ಯೋತಿ ಮೇಲೆ ಕಣ್ಣಿರಲಿ. ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. ಹದಿನೈದು ರಾತ್ರಿಯ ಹೀಟರ್ ಒಂದೇ 150 ಯೂನಿಟ್.

ಥರ್ಮಾಕೋಲ್‌ಗೆ ಬೆಂಕಿ ಆಗಲ್ಲ. ಹೀಟರ್ ಮತ್ತೆ ವೈರು ಅದರಿಂದ ದೂರ ಇರಲಿ. ಗಾಳಿಗೆ ಮೇಲೊಂದು, ಕೆಳಗೊಂದು ಸಣ್ಣ ಕಿಂಡಿ ಬಿಡಿ. ಹುಳುವೂ ಉಸಿರಾಡಬೇಕು.

ಕೊನೆಗೆ ನಮ್ಮನೇಲಿ ಆಗಿದ್ದು: ಸಂಕ್ರಾಂತಿ ಹೊತ್ತಿಗೆ ಸೀಲಿಂಗ್ ಹಾಕಿ, ಹೊಸ ವೈರ್ ಎಳೆಸಿ, ಥರ್ಮೋಸ್ಟಾಟ್ ಇರೋ ಆಯಿಲ್ ಹೀಟರ್ ಒಂದನ್ನು ತಂದ್ವಿ. ಹುಳು ಹೊತ್ತಿಗೆ ಸರಿಯಾಗಿ ಹಣ್ಣಾಗಿ ಚಂದ್ರಿಕೆ ಹತ್ತಿದ್ವು. ಬಾಂಡ್ಲಿ ಈಗ ಅಂಗಳದಲ್ಲಿದೆ, ಬೆಳಗ್ಗೆ ಅಜ್ಜಿ ಅದರ ಮುಂದೆ ಕೂತು ಕೈ ಕಾಯಿಸಿಕೊಳ್ತಾರೆ, ಬಯಲಲ್ಲಿ.